ಕಳೇಬರದ ಸಾಕ್ಷಿ, ಖಾಲಿ ಪೆಟ್ಟಿಗೆಯ ಸಾಕ್ಷಿ

ಅಮೆರಿಕದಲ್ಲಿ ಹಿಮಗಾಳಿಗೋ ಪ್ರವಾಹಕ್ಕೋ ಸಿಕ್ಕಿ ದನಗಳನ್ನು ಕಳೆದುಕೊಂಡವರಿಗೆ ಕೇಂದ್ರ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯು ‘ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ’ ಅಡಿಯಲ್ಲಿ ಪರಿಹಾರ ನೀಡುತ್ತದೆ. ಜೇನು ಸಾಕುವವರಿಗೆ ‘ಇಲ್ಯಾಪ್’ ಎಂದು ಎಲ್ಲರೂ ಕರೆಯುವ ಬೇರೊಂದು ಯೋಜನೆಯಿದೆ. ಇಂತಹ ಅರ್ಜಿಗಳ ಜೊತೆ ಪಶುವೈದ್ಯನಾಗಿ ಒಡನಾಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಎಷ್ಟು ಸತ್ತವು ಎಂಬುದಕ್ಕಿಂತ, ಸಾಯುವ ಮುನ್ನ ಎಷ್ಟಿದ್ದವು ಎಂಬುದನ್ನು ತೋರಿಸಲಾಗದೆ ಬಿದ್ದುಹೋಗುವ ಅರ್ಜಿಗಳೇ ಹೆಚ್ಚು.

ಹವಾಮಾನದಿಂದ ದನ ಸತ್ತರೆ ಆ ವರ್ಗದ ಪ್ರಾಣಿಗೆ ಗೊತ್ತುಪಡಿಸಿದ ಸರಾಸರಿ ಮಾರುಕಟ್ಟೆ ಬೆಲೆಯ 75% ದೊರೆಯುತ್ತದೆ. ನಿಮ್ಮ ಹಸು ತಳಿಯಲ್ಲಿ ಎಷ್ಟೇ ಮೇಲಾಗಿದ್ದರೂ ಲೆಕ್ಕ ಬದಲಾಗದು. ಮಾಮೂಲಿ ವರ್ಷದಲ್ಲಿಯೂ ಸಾಯುವಷ್ಟನ್ನು ಮೊದಲೇ ಕಳೆಯಲಾಗುತ್ತದೆ, ಅದೂ ಸತ್ತವುಗಳ ಮೇಲಲ್ಲ, ಇಡೀ ಹಿಂಡಿನ ಮೇಲೆ. ಆ ಪ್ರಮಾಣ 2% ಎಂದಿಟ್ಟುಕೊಂಡರೆ, 400 ಹಸುಗಳಲ್ಲಿ 30 ಸತ್ತಾಗ 8 ಬಿಟ್ಟು 22ಕ್ಕೆ ಮಾತ್ರ ಹಣ ಬರುತ್ತದೆ. ಹಾಗಾಗಿ ಹಿಂಡಿನ ಸಂಖ್ಯೆಗೂ ದಾಖಲೆ ಬೇಕು: ಖರೀದಿ ರಸೀದಿ, ಬ್ಯಾಂಕ್ ಸಾಲದ ಪತ್ರ, ಲಸಿಕೆಯ ಪಟ್ಟಿ. ಅಂಗಿಯ ಜೇಬಿನಲ್ಲಿ ಬೆವರಿಗೆ ಮೆತ್ತಗಾದ, ಯಾವ ಕಿವಿಯೋಲೆಯ ಹಸು ಯಾವ ದಿನ ಕರು ಹಾಕಿತೆಂದು ಪೆನ್ಸಿಲಿನಲ್ಲಿ ಗೀಚಿದ ಪುಟ್ಟ ಪುಸ್ತಕವನ್ನೂ ನಾನು ಕಡೆಗಣಿಸುವುದಿಲ್ಲ. ಸಾವನ್ನು ಮೂರನೆಯವರು ದೃಢೀಕರಿಸಬಹುದು, ಆದರೆ ಮನೆಯವರಾಗಲೀ ಕೂಲಿಯಾಳಾಗಲೀ ಆಗುವುದಿಲ್ಲ.

2013ರ ಅಕ್ಟೋಬರ್ ಮೊದಲ ವಾರದಲ್ಲಿ ದಕ್ಷಿಣ ಡಕೋಟದ ಪಶ್ಚಿಮ ಭಾಗಕ್ಕೆ ಅಪ್ಪಳಿಸಿದ ಹಿಮಗಾಳಿ ಇದಕ್ಕೆ ಕಠಿಣ ಉದಾಹರಣೆ. ದನಗಳು ಇನ್ನೂ ಬೇಸಿಗೆಯ ಹುಲ್ಲುಗಾವಲಿನಲ್ಲಿದ್ದವು, ಚಳಿಗಾಲದ ದಟ್ಟ ಕೂದಲು ಬೆಳೆದಿರಲಿಲ್ಲ. ಮೊದಲು ಮಳೆಯಲ್ಲಿ ತೊಯ್ದು ಆಮೇಲೆ ಹಿಮದಲ್ಲಿ ಸಿಲುಕಿ ಸಾವಿರಾರು ಸತ್ತವು. ಪರಿಹಾರ ಯೋಜನೆಯ ಅವಧಿ 2011ರಲ್ಲೇ ಮುಗಿದಿತ್ತು, ಸಾಲದ್ದಕ್ಕೆ ಅದೇ ವಾರ ಕೇಂದ್ರ ಸರ್ಕಾರದ ಕಚೇರಿಗಳೂ ಮುಚ್ಚಿದ್ದವು. ಅರ್ಜಿ ಕೊಡಲು ಕಿಟಕಿಯೇ ಇಲ್ಲದ ಹೊತ್ತಿನಲ್ಲಿ ಕಳೇಬರಗಳ ಫೋಟೊ ತೆಗೆದು, ಸಾಗಿಸಿದ ಲಾರಿಯ ರಸೀದಿ ಎತ್ತಿಟ್ಟುಕೊಂಡವರಿಗೆ 2014ರ ಫೆಬ್ರುವರಿಯ ಕೃಷಿ ಕಾಯ್ದೆ ನೆರವಾಯಿತು. ಅದು ಯೋಜನೆಯನ್ನು ಕಾಯಂಗೊಳಿಸಿ, 2011ರ ಅಕ್ಟೋಬರ್‌ನಿಂದಲೇ ಅನ್ವಯವಾಗುವಂತೆ ಮಾಡಿತು.

ಜೇನಿನ ವಿಷಯಕ್ಕೆ ಬಂದರೆ ಸಾಕ್ಷಿಯ ಸ್ವರೂಪವೇ ತಲೆಕೆಳಗು. ಕಾಲೊನಿ ಕೊಲ್ಯಾಪ್ಸ್ ಡಿಸಾರ್ಡರ್ ಎಂಬ ಸ್ಥಿತಿಯಲ್ಲಿ ಕೆಲಸಗಾರ ನೊಣಗಳು ಹೊರಗೆ ಹೋದವು ಮರಳುವುದೇ ಇಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದರೆ ತುಪ್ಪ ಹಾಗೆಯೇ ಇರುತ್ತದೆ, ಮರಿಹುಳುಗಳು ಆರೈಕೆಯಿಲ್ಲದೆ ಕೋಶಗಳಲ್ಲಿ ಬಿದ್ದಿರುತ್ತವೆ, ಆದರೆ ಒಳಗಾಗಲೀ ದ್ವಾರದ ಎದುರಾಗಲೀ ಸತ್ತ ನೊಣಗಳು ಕಾಣುವುದಿಲ್ಲ. ದನದ ಅರ್ಜಿಗೆ ಹೆಣ ಸಿಗದಿರುವುದು ದೌರ್ಬಲ್ಯ. ಇಲ್ಲಿ ಅದೇ ಪುರಾವೆ. ಪಕ್ಕದ ಗೂಡಿನ ನೊಣಗಳು ಆ ತುಪ್ಪವನ್ನು ದೋಚದೆ ಬಿಡುವುದೂ ಇಂಥದೇ ಇನ್ನೊಂದು ಲಕ್ಷಣ.

ಉತ್ತರ ಡಕೋಟದಲ್ಲಿ ಬೇಸಿಗೆ ಕಳೆದ ಎಷ್ಟೋ ಪೆಟ್ಟಿಗೆಗಳು ಫೆಬ್ರುವರಿಯಲ್ಲಿ ಪರಾಗಸ್ಪರ್ಶಕ್ಕೆಂದು ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಲ್ಲಿರುತ್ತವೆ. ಆದ್ದರಿಂದ ಪೆಟ್ಟಿಗೆಗಳು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬದಲಿಸಿದಾಗಲೆಲ್ಲ ಎಷ್ಟು, ಎಲ್ಲಿ ಎಂಬುದನ್ನು ಕಚೇರಿಗೆ ತಿಳಿಸಿರಬೇಕು. ಲಾರಿ ಹತ್ತಿಸುವ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ಇದೇ. ಜೇನುನೊಣಗಳಿಗೆ ಅಂಟಿ ಬದುಕುವ ವರೋವಾ ಎಂಬ ಪರಾವಲಂಬಿ ನುಸಿಯ ಎಣಿಕೆಯನ್ನೂ ದಿನಾಂಕ ಸಹಿತ ಬರೆದಿಟ್ಟಿರಬೇಕು. ಗೂಡು ಖಾಲಿಯಾದ ಹೊತ್ತಿನಲ್ಲಿ ನುಸಿ ಹಾನಿಯ ಮಟ್ಟ ಮುಟ್ಟಿರಲಿಲ್ಲ ಎನ್ನುವುದೂ ಪರಿಶೀಲನೆಗೆ ಒಳಪಡುವ ಅಂಶ, ಮತ್ತು ನೊಣಗಳೇ ಇಲ್ಲದ ಪೆಟ್ಟಿಗೆಯಲ್ಲಿ ಆ ಎಣಿಕೆಯನ್ನು ಆಮೇಲೆ ಮಾಡಲು ಬರುವುದಿಲ್ಲ.