ಗಿಡಕ್ಕೆ ನೀರು ಹಾಕುವ ಪೈಪು ಬೇಗ ಯಾಕೆ ಹಾಳಾಗುತ್ತದೆ?

‘ಈ ಪೈಪು ಎಷ್ಟು ವರ್ಷ ಬರುತ್ತೆ?’ ಬೆಂಗಳೂರಿನಲ್ಲಿ ಮನೆ ತೋಟ, ತಾರಸಿ ತೋಟ ನೋಡಿಕೊಳ್ಳುವ ನನಗೆ ಇದು ಮಾಮೂಲು ಪ್ರಶ್ನೆ. ಅಂಗಡಿಯವರನ್ನು ಕೇಳಿದರೆ ಕಂಪನಿ ಹೆಸರು ಹೇಳುತ್ತಾರೆ. ನಾನು ಮಾತ್ರ ತಿರುಗಿ ಕೇಳುತ್ತೇನೆ: ನೀರು ಹಾಕಿದ ಮೇಲೆ ಪೈಪನ್ನು ಎಲ್ಲಿಡ್ತೀರಿ? ಗಿಡಕ್ಕೆ ನೀರು ಬಿಡುವುದು ದಿನಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಅದು ಎಲ್ಲಿ, ಹೇಗೆ ಬಿದ್ದಿರುತ್ತದೆ ಅನ್ನುವುದೇ ಅದರ ಆಯಸ್ಸನ್ನು ತೀರ್ಮಾನಿಸುತ್ತದೆ.

ನಮ್ಮಲ್ಲಿ ಸಿಗುವ ಹೆಚ್ಚಿನ ಪೈಪುಗಳು ಪಿವಿಸಿಯವು. ಪಿವಿಸಿ ಮೊದಲಿಗೆ ಗಟ್ಟಿ ಪ್ಲಾಸ್ಟಿಕ್. ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿದಾಗಲೇ ಅದನ್ನು ಬಗ್ಗಿಸಲು, ಸುತ್ತಲು ಬರುತ್ತದೆ. ಬಿಸಿಲಿನ ಕಾವಿಗೆ ಆ ಅಂಶ ನಿಧಾನವಾಗಿ ಹೊರಟುಹೋಗುತ್ತದೆ. ಜೊತೆಗೆ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನೇ ಹಾಳು ಮಾಡುತ್ತವೆ. ಪೈಪು ಬಿರುಸಾಗುತ್ತದೆ, ಬಗ್ಗಿಸಿದಲ್ಲಿ ಬಿಳಿ ಗೆರೆ ಮೂಡುತ್ತದೆ, ಆಮೇಲೆ ಸೀಳುತ್ತದೆ. ತಾರಸಿಯ ಕಾಂಕ್ರೀಟಿನ ಮೇಲೆ ವರ್ಷವಿಡೀ ಬಿದ್ದಿರುವ ಅಗ್ಗದ ಪೈಪು ಎರಡನೇ ಬೇಸಿಗೆ ದಾಟಿದ್ದನ್ನು ನಾನು ನೋಡಿದ್ದು ಕಡಿಮೆ. ಒಳಗೆ ನೂಲಿನ ಹೆಣಿಗೆ ಇರುವ ಪೈಪನ್ನು ನೆರಳಲ್ಲಿ ಸುತ್ತಿಟ್ಟರೆ ಐದಾರು ವರ್ಷ ಆರಾಮಾಗಿ ಬರುತ್ತದೆ. ರಬ್ಬರ್ ಪೈಪು ಇನ್ನೂ ಜಾಸ್ತಿ ಬಾಳುತ್ತದೆ. ಆದರೆ ಭಾರ. ವಯಸ್ಸಾದವರು ಮಹಡಿಯಲ್ಲಿ ಎಳೆದಾಡುವುದು ಕಷ್ಟ.

ಇನ್ನೊಂದು ಅಭ್ಯಾಸ ಬಿಸಿಲಿಗಿಂತಲೂ ಕೆಟ್ಟದ್ದು. ಪೈಪಿನ ತುದಿಗೆ ಸಿಕ್ಕಿಸುವ, ಒತ್ತಿದರೆ ನೀರು ಚಿಮ್ಮುವ ಗನ್ ಮುಚ್ಚಿ, ನಲ್ಲಿಯನ್ನು ತೆರೆದೇ ಬಿಟ್ಟು ಒಳಗೆ ಹೋಗಿಬಿಡುವುದು. ಟ್ಯಾಂಕಿನ ನೀರಿಗೆ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಎರಡಂತಸ್ತಿನ ಮನೆಯ ಅಂಗಳದಲ್ಲಿ ಅಷ್ಟೂ ಇರುವುದಿಲ್ಲ, ಹಾಗಾಗಿ ಏನೂ ಆಗದೆ ನಡೆದುಹೋಗುತ್ತದೆ. ಪ್ರೆಷರ್ ಪಂಪ್ ಹಾಕಿಸಿದ ಮೇಲೆ ಅದೇ ಎರಡು ಮೂರು ಬಾರ್ ಆಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ನೀರು ಕಾದು ಪೈಪು ಮೆತ್ತಗಾಗುತ್ತದೆ, ಎಲ್ಲೋ ಒಂದು ಕಡೆ ಉಬ್ಬುತ್ತದೆ. ಒಮ್ಮೆ ಉಬ್ಬಿದ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಮೊದಲು ನಲ್ಲಿ ಮುಚ್ಚಿ, ಆಮೇಲೆ ಗನ್ ಒತ್ತಿ ನೀರನ್ನು ಖಾಲಿ ಮಾಡಿ. ಅಷ್ಟೇ ಕೆಲಸ, ಅಲ್ವಾ?

ಸುತ್ತಿದ ಪೈಪನ್ನು ಮೊಳೆಗೆ ನೇತುಹಾಕುವವರೂ ಇದ್ದಾರೆ. ಪೂರ್ತಿ ಭಾರ ಒಂದೇ ಕಡೆ ಬಿದ್ದು ಅಲ್ಲಿ ಚಪ್ಪಟೆಯಾಗುತ್ತದೆ. ಹಳೇ ಪೇಂಟ್ ಬಕೆಟ್ಟನ್ನು ಅಡ್ಡಲಾಗಿ ಹಿಡಿದು, ತಳವನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಅದರ ಮೇಲೆ ಅಗಲವಾಗಿ ಸುತ್ತಿ. ದುಡ್ಡು ಕೊಟ್ಟು ಸ್ಟ್ಯಾಂಡ್ ತರಬೇಕಾಗಿಲ್ಲ.

ಸೋರಿಕೆ ಬಹುಪಾಲು ಶುರುವಾಗುವುದು ನಲ್ಲಿಯ ಬಳಿ. ಕಟ್ಟುವ ತಂತಿಯಲ್ಲಿ ಬಿಗಿದರೆ ಅದು ಪೈಪನ್ನೇ ಕೊಯ್ಯುತ್ತದೆ. ಸ್ಕ್ರೂ ಇರುವ ಸ್ಟೀಲ್ ಕ್ಲಿಪ್ಪು ತನ್ನಿ. ಪೈಪು ಏರದಿದ್ದರೆ ಅದರ ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ. ನಡುವೆ ತೂತಾದರೆ ಸೈಕಲ್ ಟ್ಯೂಬ್ ಸುತ್ತುವುದು ಸುಮ್ನೆ ಸಮಾಧಾನಕ್ಕೆ. ಹಾಳಾದ ತುಂಡನ್ನು ಕತ್ತರಿಸಿ, ಜಾಯಿಂಟ್ ಹಾಕಿ, ಎರಡೂ ಕಡೆ ಕ್ಲಿಪ್ಪು ಬಿಗಿಯಬೇಕು. ಆದರೆ ಪೈಪು ಆಗಲೇ ಬಿರುಸಾಗಿದ್ದರೆ ಈ ಖರ್ಚು ದಂಡ. ಜಾಯಿಂಟಿನ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಹೊಸದು ಕೊಳ್ಳುವಾಗ ಜನ ಬಣ್ಣ ನೋಡುತ್ತಾರೆ, ಅಳತೆ ನೋಡುವುದಿಲ್ಲ. ತಾರಸಿ ತೋಟಕ್ಕೆ ಟ್ಯಾಂಕು ಒಂದೆರಡು ಮೀಟರ್ ಮೇಲಿರುತ್ತದೆ, ಅಷ್ಟೇ. ಅಲ್ಲಿ 30 ಮೀಟರ್ ಉದ್ದದ ಅರ್ಧ ಇಂಚಿನ ಪೈಪು ಹಾಕಿದರೆ ನೀರು ತೊಟ್ಟಿಕ್ಕುತ್ತದೆ. ಮುಕ್ಕಾಲು ಇಂಚಿನದರಲ್ಲಿ ನೀರು ಹರಿಯುವ ಜಾಗ ಎರಡು ಪಟ್ಟಿಗಿಂತ ಜಾಸ್ತಿ. ಉದ್ದ ಬೇಕಾದಷ್ಟೇ ಇರಲಿ. ಪಾರದರ್ಶಕ ಪೈಪು ನೋಡಲು ಚೆಂದ, ಆದರೆ ಬೆಳಕು ಒಳಹೊಕ್ಕು ಪಾಚಿ ಕಟ್ಟುತ್ತದೆ.

2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಮಾಡಿತು. ಬಟ್ಟೆ ಒಗೆದ ನೀರನ್ನು ಸಣ್ಣ ಪಂಪಿನಲ್ಲಿ ಗಿಡಗಳಿಗೆ ಬಿಡುವ ಮನೆಗಳು ಈಗ ನನ್ನ ಗಿರಾಕಿಗಳಲ್ಲೂ ಇವೆ. ಒಳ್ಳೆಯದೇ. ಆದರೆ ಆ ನೀರು ಪೈಪಿನಲ್ಲಿ ನಿಲ್ಲಬಾರದು. ಸೋಪಿನ ಜಿಡ್ಡು, ಬಟ್ಟೆಯ ನಾರು ಕೂತು ಗನ್ ಕಟ್ಟಿಕೊಳ್ಳುತ್ತದೆ, ನಾತ ಬೇರೆ. ಕೊನೆಗೆ ಒಂದು ಬಕೆಟ್ ಒಳ್ಳೆ ನೀರು ಹಾಯಿಸಿ. ಇನ್ನು ಕೊಳಾಯಿಗೆ ಸಿಕ್ಕಿಸಿದ ಪೈಪಿನ ತುದಿಯನ್ನು ಕೊಳಕು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಬಿಡಲೇಬೇಡಿ. ಸರಬರಾಜು ನಿಂತಾಗ ಆ ನೀರನ್ನು ಲೈನು ಹಿಂದಕ್ಕೆ ಎಳೆದುಕೊಳ್ಳಬಹುದು.

ಸತ್ತ ಪೈಪನ್ನು ಹಂಡೆ ಒಲೆಗೆ ಮಾತ್ರ ಹಾಕಬೇಡಿ. ಪಿವಿಸಿ ಉರಿದರೆ ಬರುವ ಹೊಗೆ ವಿಷ. ಗೇಣುದ್ದದ ತುಂಡುಗಳಾಗಿ ಕತ್ತರಿಸಿಟ್ಟುಕೊಳ್ಳಿ. ಎಳೆ ಮಾವಿನ ಗಿಡಕ್ಕೋ ನುಗ್ಗೆಗೋ ಊರುಗೋಲು ಕೊಟ್ಟಾಗ ತಂತಿಯನ್ನು ಈ ತುಂಡಿನೊಳಗೆ ತೂರಿಸಿ ಕಟ್ಟಿದರೆ ತೊಗಟೆ ಕೊಯ್ಯುವುದಿಲ್ಲ.