ಹೂವು ಮೇಲೆ, ಕಾಯಿ ಮಣ್ಣೊಳಗೆ: ಪಿಂಟೊ ಶೇಂಗಾದ ಹಸಿರು ಹಾಸು

ಬೆಳಗಿನ ಬಿಸಿಲು ಏರುವ ಮುಂಚೆ, ನೆಲ ಮುಚ್ಚಿ ಹಬ್ಬುವ ಪಿಂಟೊ ಶೇಂಗಾ ಬಳ್ಳಿಯ ಹಾಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಎಲೆಗಳ ಮೇಲೆ ಹಳದಿ ಹೂಗಳು ತಲೆ ಎತ್ತಿ ನಿಂತಿರುತ್ತವೆ. ಒಂದು ಹೂವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಅದರ ಕೆಳಗೆ ಕಣ್ಣು ಹಾಯಿಸಿದರೆ ದಾರದಷ್ಟು ತೆಳುವಾದ ಉದ್ದನೆಯ ತೊಟ್ಟು ಕಾಣುತ್ತದೆ. ಆದರೆ ಅದು ತೊಟ್ಟಲ್ಲ! ಅದೂ ಹೂವಿನ ಭಾಗವೇ, ಒಳಗೆ ಟೊಳ್ಳಾಗಿರುವ ಕೊಳವೆ. ಮುಂದೆ ಕಾಯಿ ಆಗಬೇಕಾದ ಅಂಡಾಶಯ ದಳಗಳ ಹತ್ತಿರ ಇರುವುದಿಲ್ಲ. ಕೊಳವೆಯ ಬುಡದಲ್ಲಿ, ಎಲೆ ಬಳ್ಳಿಗೆ ಸೇರುವ ಕಂಕುಳಲ್ಲಿ ಅಡಗಿ ಕೂತಿರುತ್ತದೆ. ಪರಾಗ ಮೇಲೆ ಬಿದ್ದರೆ ಅದರ ನಳಿಕೆ ಅಷ್ಟುದ್ದ ಕೆಳಗಿಳಿದು ಅಂಡಾಶಯವನ್ನು ಮುಟ್ಟಬೇಕು. ಸಂಜೆಯೊಳಗೆ ಹೂವು ಬಾಡಿ ಹೋಗುತ್ತದೆ. ನೋಡುವವರಿಗೆ ಕಥೆ ಅಲ್ಲಿಗೆ ಮುಗಿದಂತೆ. ಗಿಡಕ್ಕೆ ಮಾತ್ರ ಅದು ಆಗಷ್ಟೇ ಶುರು.

ಕೆಲವು ದಿನ ಬಿಟ್ಟು ಅದೇ ಜಾಗದ ಎಲೆಗಳನ್ನು ಪಕ್ಕಕ್ಕೆ ಸರಿಸಿ ನೋಡಿ. ಕಂಕುಳಿಂದ ಒಂದು ಸೂಜಿ ಹೊರಟು ಬಂದಿರುತ್ತದೆ. ತುದಿ ಚೂಪು, ಮೈ ನಸುಗೆಂಪು ಅಥವಾ ತಿಳಿಹಸಿರು. ಅದು ಬೇರಲ್ಲ, ಕೊಂಬೆಯೂ ಅಲ್ಲ. ಅದರ ತುದಿಯೊಳಗೆ ಇನ್ನೂ ಕಣ್ಣಿಗೆ ಕಾಣದಷ್ಟು ಪುಟ್ಟ ಬೀಜ ಇದೆ. ಆ ತುದಿಯ ಸ್ವಲ್ಪ ಹಿಂದಿನ ಜೀವಕೋಶಗಳು ಬೆಳೆಯುತ್ತಾ ಬೀಜವನ್ನು ನೇರ ನೆಲದ ಕಡೆಗೆ ತಳ್ಳುತ್ತವೆ. ಮಣ್ಣು ಸಿಕ್ಕಿದರೆ ಸೂಜಿ ಒಳಕ್ಕೆ ಇಳಿಯುತ್ತದೆ. ಕತ್ತಲಾಗುತ್ತಲೇ ಅಲ್ಲಿಯವರೆಗೆ ನಿಂತುಹೋಗಿದ್ದ ಭ್ರೂಣ ಮತ್ತೆ ಬೆಳೆಯಲು ತೊಡಗುತ್ತದೆ. ತುದಿ ಊದಿಕೊಂಡು ಕಾಯಿ ಆಗುತ್ತದೆ. ಮಣ್ಣು ಸಿಗದ ಸೂಜಿ ಗಾಳಿಯಲ್ಲೇ ಒಣಗಿ ಹೋಗುತ್ತದೆ.

ನಾವು ತಿನ್ನುವ ಶೇಂಗಾ ಕೂಡ ಮಾಡುವುದು ಇದನ್ನೇ. ಎರಡೂ ಒಂದೇ ಕುಲದ ಗಿಡಗಳು. ಅರಾಕಿಸ್ ಅನ್ನುವ ಈ ಕುಲದಲ್ಲಿ ಸುಮಾರು 80 ಜಾತಿಗಳಿವೆ. ಎಲ್ಲವೂ ದಕ್ಷಿಣ ಅಮೆರಿಕದವು, ಎಲ್ಲವೂ ಕಾಯನ್ನು ನೆಲದಲ್ಲೇ ಹೂಳುತ್ತವೆ. ಪಿಂಟೊ ಶೇಂಗಾ ಅಂದರೆ ಅರಾಕಿಸ್ ಪಿಂಟೋಯಿ. ಬ್ರೆಜಿಲ್‌ನ ಬಾಹಿಯಾ ರಾಜ್ಯದಲ್ಲಿ, ಜೆಕಿಟಿನ್ಯೋನ್ಯಾ ನದಿಯ ದಡದ ಹತ್ತಿರ 1954ರಲ್ಲಿ ಜೆರಾಲ್ಡೊ ಪಿಂಟೊ ಅನ್ನುವವರು ಇದನ್ನು ಸಂಗ್ರಹಿಸಿದರು. ಹೆಸರು ಬಂದದ್ದು ಅವರಿಂದಲೇ. ಆದರೆ ಸಸ್ಯಶಾಸ್ತ್ರದ ನಿಯಮದಂತೆ ಆ ಹೆಸರು ಪ್ರಕಟವಾದದ್ದು 1994ರಲ್ಲಿ, ಕ್ರಾಪೊವಿಕಾಸ್ ಮತ್ತು ಗ್ರೆಗರಿ ಅನ್ನುವ ಸಸ್ಯವಿಜ್ಞಾನಿಗಳು ಇಡೀ ಕುಲದ ಬಗ್ಗೆ ಬರೆದಾಗ. ಅಷ್ಟರೊಳಗೆ ಗಿಡ ಸಮುದ್ರ ದಾಟಿ ಆಗಿತ್ತು. 1987ರಲ್ಲೇ ಆಸ್ಟ್ರೇಲಿಯಾದಲ್ಲಿ ಅಮರಿಲ್ಲೊ ಅನ್ನುವ ತಳಿಯಾಗಿ ಬಿಡುಗಡೆಯಾಗಿತ್ತು. ಸ್ಪ್ಯಾನಿಷ್‌ನಲ್ಲಿ ಅಮರಿಲ್ಲೊ ಅಂದರೆ ಹಳದಿ. ಮೊದಲು ದನಕರುಗಳ ಮೇವಿಗೆ, ಆಮೇಲೆ ಕಾಫಿ, ಬಾಳೆ, ಕಿತ್ತಳೆ ತೋಟಗಳ ನೆಲ ಮುಚ್ಚಲಿಕ್ಕೆ, ಕೊನೆಗೆ ಮನೆಯಂಗಳದ ಚೆಂದಕ್ಕೆ ಅಂತ ಉಷ್ಣವಲಯದ ತುಂಬಾ ಹಬ್ಬಿತು.

ಈ ಗಿಡವನ್ನು ಸಾಕುವ ಗುಟ್ಟೆಲ್ಲ ಆ ಸೂಜಿಯಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬೀಜವನ್ನು ಗಾಳಿಗೆ ತೂರುವ ಗಿಡಕ್ಕೆ ಜಾಗ ಹಿಡಿಸದಿದ್ದರೆ ಮಕ್ಕಳನ್ನು ಬೇರೆ ಕಡೆ ಕಳಿಸುವ ದಾರಿ ಇದೆ. ಪಿಂಟೊ ಶೇಂಗಾಕ್ಕೆ ಆ ದಾರಿ ಇಲ್ಲ. ಅದು ನಿಂತ ನೆಲವನ್ನೇ ನಂಬಿದೆ. ಹಾಗಾಗಿ ನಾವು ಏನೇ ಮಾಡುವುದಿದ್ದರೂ ಆ ನೆಲಕ್ಕೆ ಮಾಡಬೇಕು, ಅದೂ ಮೊದಲ ದಿನವೇ.

ಮಣ್ಣು ಗಟ್ಟಿಯಾಗಿದ್ದರೆ ಒಂದು ಗೇಣಿನಷ್ಟು ಆಳಕ್ಕೆ ಅಗೆದು ಸಡಿಲ ಮಾಡಿ. ಹೆಚ್ಚಿನ ಕಾಯಿಗಳು ಮೇಲಿನ 10 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಹಳೆಯ ಕಳೆಯ ಬೇರು, ಗೆಡ್ಡೆ ಆರಿಸಿ ತೆಗೆಯುವುದಕ್ಕೆ ಇದೇ ಸರಿಯಾದ ಹೊತ್ತು. ಆಮೇಲೆ ಹಾಸು ಕೂಡಿಕೊಂಡರೆ ಅದರೊಳಗೆ ಕೈ ಹಾಕಿ ಕಳೆ ಕೀಳುವುದು ತುಂಬಾ ಕಷ್ಟ. ಹುಳಿ ಮಣ್ಣು ಈ ಗಿಡಕ್ಕೆ ಅಡ್ಡಿ ಅಲ್ಲ. ಬಡ ಮಣ್ಣಿನಲ್ಲೂ ಬದುಕುತ್ತದೆ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಮಾತ್ರ ನರ ಹಸಿರಾಗಿ ಉಳಿದು ಎಲೆ ಹಳದಿಯಾಗುವುದುಂಟು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅಲ್ಲಿ ಬೇರಿಗೆ ಅದು ಎಟುಕುವುದಿಲ್ಲ.

ಬೀಜ ಸಿಗುವುದು ಕಡಿಮೆ, ಯಾಕಂದರೆ ಮಣ್ಣು ಜರಡಿ ಹಿಡಿದೇ ತೆಗೆಯಬೇಕು. ಬಳ್ಳಿಯ ತುಂಡೇ ಸುಲಭ. ಬಲಿತ ಬಳ್ಳಿಯಿಂದ 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ, ಮೂರು ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ. ಎರಡು ಗೆಣ್ಣು ಮಣ್ಣಿನೊಳಗೆ ಹೋಗಲಿ. ಗೆಣ್ಣಿನಿಂದಲೇ ಬೇರು ಬರುವುದು. ತುಂಡಿನಿಂದ ತುಂಡಿಗೆ ಒಂದು ಗೇಣು ಸಾಕು. ಮಳೆ ಹಿಡಿದ ಮೇಲೆ ನೆಟ್ಟರೆ ನಿಮ್ಮ ಅರ್ಧ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ. ಇಲ್ಲದಿದ್ದರೆ ಮೊದಲ ಮೂರು ನಾಲ್ಕು ವಾರ ಮಣ್ಣು ಒಣಗದಂತೆ ನೀರು ಕೊಡಬೇಕು.

ಆಮೇಲೆ ಬರುತ್ತದೆ ಕಾಯುವ ಕಾಲ. ನಾನು ಮೊದಲ ಸಲ ನೆಟ್ಟಾಗ ಎರಡು ತಿಂಗಳಾದರೂ ಗಿಡಗಳು ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟ ಹಾಗೆ ಕೂತಿದ್ದವು. ಬೆಳೆಯುತ್ತಿಲ್ಲ ಅಂದುಕೊಂಡು ಯೂರಿಯಾ ಎರಚಿದೆ. ಎಲೆ ಕಪ್ಪು ಹಸಿರಾಯಿತು ನಿಜ. ಆದರೆ ಗಿಡಗಳ ನಡುವಿನ ಹುಲ್ಲು ಅದಕ್ಕಿಂತ ಜೋರಾಗಿ ಎದ್ದು ನಿಂತಿತು. ಹದಿನೈದು ದಿನಕ್ಕೆ ಪಿಂಟೊ ಎಲ್ಲಿದೆ ಅಂತ ಹುಡುಕಬೇಕಾಯಿತು. ಒಂದೊಂದೇ ಹುಲ್ಲನ್ನು ಕೈಯಲ್ಲಿ ಕೀಳುತ್ತಾ ಹೋದೆ. ಹಾಗೆ ಕೀಳುವಾಗ ಒಂದು ಪಿಂಟೊ ಗಿಡವೂ ಬೇರು ಸಮೇತ ಕೈಗೆ ಬಂತು. ಬೇರಿನ ಮೇಲೆ ಗಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೊಬ್ಬರ ಬೀಳದಿದ್ದ ಮೂಲೆಯ ಗಿಡ ಕಿತ್ತು ನೋಡಿದೆ. ಅದರ ಬೇರಿನ ತುಂಬಾ ರಾಗಿ ಕಾಳಿನ ಗಾತ್ರದ ಗಂಟುಗಳು! ಒಂದನ್ನು ಉಗುರಿನಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ.

ಆ ಗುಲಾಬಿ ಬಣ್ಣ ನಮ್ಮ ರಕ್ತದ ಕೆಂಪಿಗೆ ನೆಂಟ. ಗಂಟಿನೊಳಗೆ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದ್ದರೂ ಗಿಡ ಅದನ್ನು ಹಾಗೇ ಬಳಸಲಾರದು. ಈ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿ ಕೊಡುತ್ತವೆ. ಬದಲಿಗೆ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಒಂದು ತೊಡಕೆಂದರೆ, ಈ ಕೆಲಸ ಮಾಡುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಬ್ಯಾಕ್ಟೀರಿಯಾ ಉಸಿರಾಡಲಿಕ್ಕೆ ಆಮ್ಲಜನಕ ಬೇಕೇ ಬೇಕು. ಅದಕ್ಕೇ ಗಿಡ ಲೆಗ್‌ಹಿಮೋಗ್ಲೋಬಿನ್ ಅನ್ನುವ ಬಣ್ಣದ ವಸ್ತುವನ್ನು ತಯಾರಿಸುತ್ತದೆ. ನಮ್ಮ ಹಿಮೋಗ್ಲೋಬಿನ್‌ನಂತೆಯೇ ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬೇಕಾದಷ್ಟೇ ಅಳತೆ ಮಾಡಿ ಬಿಡುತ್ತದೆ. ಮಣ್ಣಿನಲ್ಲೇ ಸುಮ್ನೆ ಸಾರಜನಕ ಸಿಗುತ್ತಿದ್ದರೆ ಗಿಡ ಸಕ್ಕರೆ ಖರ್ಚು ಮಾಡಿ ಗಂಟು ಯಾಕೆ ಕಟ್ಟಬೇಕು, ಅಲ್ವಾ? ನಾನು ಎರಚಿದ ಯೂರಿಯಾ ಮಾಡಿದ್ದು ಅದನ್ನೇ. ಗಿಡದ ಅಡುಗೆಮನೆ ಮುಚ್ಚಿಸಿ ಪಕ್ಕದ ಹುಲ್ಲಿಗೆ ಊಟ ಹಾಕಿದ್ದೆ.

ಹಾಗಾಗಿ ಮೊದಲ ನಾಲ್ಕೈದು ತಿಂಗಳು ಮಾಡಬೇಕಾದ ಕೆಲಸ ಒಂದೇ, ಕಳೆ ಕೀಳುವುದು. ನೆಡುವಾಗ ಒಂದಿಷ್ಟು ಕೊಳೆತ ಗೊಬ್ಬರ, ರಂಜಕ ಇದ್ದರೆ ಒಳ್ಳೆಯದು. ಮೇಲೆ ಏನೂ ನಡೆಯದಂತೆ ಕಂಡಾಗ ಕೆಳಗೆ ಬೇರು ಇಳಿಯುತ್ತಿರುತ್ತದೆ, ಗಂಟು ಕಟ್ಟುತ್ತಿರುತ್ತದೆ. ಒಮ್ಮೆ ಬಳ್ಳಿಗಳು ಒಂದಕ್ಕೊಂದು ತಾಗಿದವೋ, ಆಮೇಲೆ ಕಳೆಗೆ ಬಿಸಿಲೇ ಸಿಗುವುದಿಲ್ಲ.

ಹಾಸು ಕೂಡಿಕೊಂಡ ಮೇಲಿನ ಮೊದಲ ಜೋರು ಮಳೆಯನ್ನು ನಿಂತು ನೋಡಬೇಕು. 5 ಮಿಲಿಮೀಟರ್ ದಪ್ಪದ ಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿರುತ್ತದೆ. ಬರಿ ನೆಲದ ಮೇಲೆ ಅದು ಮಣ್ಣಿನ ಹೆಂಟೆಯನ್ನು ಒಡೆದು ಪುಡಿ ಮಾಡುತ್ತದೆ. ಪುಡಿ ಹೋಗಿ ಮಣ್ಣಿನ ಸಣ್ಣ ಬಾಯಿಗಳನ್ನು ಮುಚ್ಚುತ್ತದೆ. ನೀರು ಇಂಗದೆ ಕೆಂಪಗೆ ಹರಿದು ಹೋಗುತ್ತದೆ. ಹಾಸಿನ ಮೇಲೆ ಬಿದ್ದ ಹನಿ ಎಲೆಗೆ ತಾಗಿ ಒಡೆದು, ಬಳ್ಳಿ ಹಿಡಿದು ಮೆತ್ತಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮೇಲಿಂದ ಹರಿದು ಬರುವ ನೀರಿನ ಬಣ್ಣ ನೋಡಿದರೆ ಸಾಕು.

ಸಂಜೆ ಕತ್ತಲಾಗುವಾಗ ಇನ್ನೊಂದು ನೋಟ ಇದೆ. ಪ್ರತಿ ಎಲೆಗೂ ನಾಲ್ಕು ಕಿರುಎಲೆ, ಎರಡು ಜೋಡಿ. ಬೆಳಕು ಇಳಿದಂತೆ ಅವು ಒಂದಕ್ಕೊಂದು ಮುಖ ಮಾಡಿ ಮಡಚಿಕೊಳ್ಳುತ್ತವೆ. ಹಗಲಲ್ಲಿ ಒತ್ತಾಗಿದ್ದ ಹಾಸು ರಾತ್ರಿ ತೆಳ್ಳಗಾದಂತೆ ಕಾಣುತ್ತದೆ. ಕಿರುಎಲೆಯ ಬುಡದಲ್ಲಿ ಸಣ್ಣ ಉಬ್ಬು ಇದೆ. ಅದರ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಹೊರಟರೆ ನೀರೂ ಹಿಂದೆಯೇ ಹೊರಡುತ್ತದೆ. ಆ ಬದಿ ಕುಗ್ಗಿ ಎಲೆ ಮಡಚುತ್ತದೆ. ಇದು ಬರೀ ಬೆಳಕಿನ ಆಟ ಅಲ್ಲ. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ದ ಮೆರಾನ್ ಇಂಥದ್ದೇ ಎಲೆ ಮಡಚುವ ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದರು. ಬಿಸಿಲೇ ಕಾಣದಿದ್ದರೂ ಅದು ಹಗಲಾದಾಗ ಎಲೆ ಬಿಚ್ಚಿತು, ರಾತ್ರಿಯಾದಾಗ ಮಡಚಿತು. ಗಿಡದೊಳಗೆ ತನ್ನದೇ ಗಡಿಯಾರ ಇದೆ ಅನ್ನುವ ತಿಳಿವಳಿಕೆ ಶುರುವಾದದ್ದು ಅಲ್ಲಿಂದ. ರಾತ್ರಿ ಮಡಚಿದ ಎಲೆ ಕಂಡು ಬಾಡಿತು ಅಂತ ನೀರು ಸುರಿಯಬೇಡಿ. ನಡುಹಗಲಲ್ಲಿ ಎಲೆಗಳು ಅಂಚನ್ನು ಸೂರ್ಯನಿಗೆ ಕೊಟ್ಟು ನಿಂತಿದ್ದರೆ ಮಾತ್ರ ಮಣ್ಣಿಗೆ ಬೆರಳು ಇಟ್ಟು ನೋಡಿ, ಬಹುಶಃ ಬಾಯಾರಿಕೆ ಆಗಿದೆ.

ಮರದ ನೆರಳಲ್ಲೂ ಪಿಂಟೊ ಬೆಳೆಯುತ್ತದೆ. ಅಲ್ಲಿ ಬಳ್ಳಿ ಎತ್ತರಕ್ಕೆ ಹೋಗುತ್ತದೆ, ಹೂ ಕಡಿಮೆ. ಬಿಸಿಲಲ್ಲಿ ತಗ್ಗಾಗಿ ಒತ್ತೊತ್ತಾಗಿ ಹಬ್ಬುತ್ತದೆ. ಜಾಸ್ತಿ ಸೊಂಪಾದರೆ ವರ್ಷಕ್ಕೆ ಎರಡು ಮೂರು ಸಲ ನಾಲ್ಕು ಬೆರಳು ಎತ್ತರ ಬಿಟ್ಟು ಕತ್ತರಿಸಿ. ಹೊಸ ಚಿಗುರು ಬಂದು ಹೂವೂ ಹೆಚ್ಚುತ್ತದೆ. ಒಣ ಕಾಲದಲ್ಲಿ ಎಲೆಯ ಅಡಿಯಲ್ಲಿ ನುಸಿ ಕಾಣಿಸಿಕೊಳ್ಳಬಹುದು. ಕಾಯಿಗಾಗಿ ಇಲಿಗಳು ಮಣ್ಣು ಕೆದಕುತ್ತವೆ. ಅಪರೂಪಕ್ಕೆ ತುಳಿದರೆ ಏನೂ ಆಗುವುದಿಲ್ಲ, ದಿನಾ ಓಡಾಡುವ ದಾರಿಯಲ್ಲಿ ಮಾತ್ರ ಕಲ್ಲು ಹಾಸಿಬಿಡಿ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಳದಿ ಹೂವಿನ ಇನ್ನೊಂದು ನೆಲಹೊದಿಕೆ ವೆಡೀಲಿಯಾ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದೂ ಒಂದು ಕಾಲದಲ್ಲಿ ಚೆಂದಕ್ಕೆ ಅಂತಲೇ ನೆಟ್ಟದ್ದು. ಪಿಂಟೊ ಅಷ್ಟು ಒರಟಲ್ಲ, ಬೀಜ ಹಾರಿ ಹೋಗುವುದಿಲ್ಲ. ಆದರೆ ಕತ್ತರಿಸಿ ಎಸೆದ ಬಳ್ಳಿಯ ಒಂದೊಂದು ಗೆಣ್ಣಿಗೂ ಬೇರು ಬಿಡುವ ಶಕ್ತಿ ಇದೆ. ಅದನ್ನು ತೊರೆಯ ದಡಕ್ಕೋ ಕಾಡಿನ ಅಂಚಿಗೋ ಎಸೆಯುವುದು ಬೇಡ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಮೂರು ನಾಲ್ಕು ತಿಂಗಳ ಒಣಹವೆಯನ್ನು ಈ ಗಿಡ ತಡೆದುಕೊಳ್ಳುತ್ತದೆ, ಎಲೆ ಉದುರಿಸಿಕೊಂಡು. ನನ್ನ ಹಾಸು ಒಮ್ಮೆ ನೀರಿಲ್ಲದೆ ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಬಳ್ಳಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಕಿತ್ತು ಹಾಕೋಣ ಅಂತ ಸಲಿಕೆ ಊರಿದೆ. ಮಣ್ಣಿನ ಜೊತೆ ಒಂದು ಕಾಯಿ ಮೇಲೆ ಬಂತು. ಕಿರುಬೆರಳ ಉಗುರಿನಷ್ಟೇ ದೊಡ್ಡದು, ಮೈಮೇಲೆ ಶೇಂಗಾದಂಥ ಸಣ್ಣ ಗೆರೆಗಳು. ಒಡೆದರೆ ಒಳಗೆ ಒಂದೇ ಬೀಜ, ಗಟ್ಟಿಯಾಗಿ, ತಿಳಿಕಂದು ಸಿಪ್ಪೆಯೊಳಗೆ. ಸಲಿಕೆಯನ್ನು ಒಳಗಿಟ್ಟೆ. ಮಳೆ ಬಂದು ಎರಡು ವಾರಕ್ಕೆ, ಒಣಗಿದ ಬಳ್ಳಿಗಳ ಸಂದಿಯಲ್ಲಿ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ನಾಲ್ಕು ಕಿರುಎಲೆ, ಇನ್ನೂ ಮಡಚಿಕೊಂಡೇ ಇದ್ದವು.