‘ಅವರ್’ ನಮ್ಮ ‘ಹೋರಾ’ದಿಂದ ಹೋದದ್ದೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹಳೇ ಶಿಷ್ಯ ಸಿಕ್ಕರೂ ಮೊಬೈಲ್ ಮುಂದೆ ಹಿಡಿಯುತ್ತಾನೆ: ‘ಸಾರ್, ಗಂಟೆಗೆ ಇಂಗ್ಲಿಷಿನಲ್ಲಿ ಅನ್ನುವ ಅವರ್ ನಮ್ಮ ಹೋರಾದಿಂದ ಹೋಗಿದ್ದಂತೆ, ಹೌದಾ?’ ಹೋರಾ ಅಂದರೆ ಜ್ಯೋತಿಷದಲ್ಲಿ ದಿನದ ಇಪ್ಪತ್ನಾಲ್ಕು ಪಾಲಿನಲ್ಲಿ ಒಂದು.

ಅಲ್ಲಪ್ಪ. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಫ್ರೆಂಚಿಗೆ ಲ್ಯಾಟಿನ್ನಿನಿಂದ, ಲ್ಯಾಟಿನ್ನಿಗೆ ಗ್ರೀಕಿನ ‘ಹೋರಾ’ದಿಂದ. ಹಕಾರ ದಾರಿಯಲ್ಲೇ ಉದುರಿಹೋಯಿತು. ಆಮೇಲೆ ಲ್ಯಾಟಿನ್ ನೋಡಿ ಬರವಣಿಗೆಗೆ ಮಾತ್ರ ಅಂಟಿಸಿಕೊಂಡರು. ಆದ್ದರಿಂದ ‘ಆ್ಯನ್ ಅವರ್’ ಅನ್ನಿ, ‘ಎ ಹವರ್’ ಅಲ್ಲ.

ವಾಟ್ಸಾಪಿನ ವಾದ ಹೀಗಿದೆ: ‘ಅಹೋರಾತ್ರ’ದ (ಹಗಲು-ರಾತ್ರಿ ಸೇರಿದ ದಿನದ) ಮೊದಲಿನ ‘ಅ’, ಕೊನೆಯ ‘ತ್ರ’ ಕಿತ್ತರೆ ಉಳಿಯುವುದು ‘ಹೋರಾ’. ನೋಡಲು ಚೆಂದ. ಹಳೆಯದೂ ಹೌದು, 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ತನ್ನ ಜ್ಯೋತಿಷ ಗ್ರಂಥ ಬೃಹಜ್ಜಾತಕದಲ್ಲಿ ಹೇಳಿದ್ದಾನೆ. ಆದರೆ ‘ಏಕೇ’ ಎಂದು ಸೇರಿಸಿ ಹೇಳಿದ್ದಾನೆ, ಅಂದರೆ ‘ಕೆಲವರು ಹೀಗನ್ನುತ್ತಾರೆ’ ಅಂತ. ಫಾರ್ವರ್ಡ್ ಮಾಡುವವರು ಅಹೋರಾತ್ರದ ಜೊತೆ ಆ ‘ಏಕೇ’ಯನ್ನೂ ಕಿತ್ತಿರುತ್ತಾರೆ.

ಗ್ರೀಕಿನ ಹೋಮರನ ಕಾವ್ಯದಲ್ಲೇ ಈ ಪದವಿದೆ, ವರಾಹಮಿಹಿರನಿಗಿಂತ ಸಾವಿರ ವರ್ಷಕ್ಕೂ ಹಿಂದೆ. ಅಲ್ಲಿ ಅದಕ್ಕೆ ಋತು ಎಂಬರ್ಥ. ಇಂಗ್ಲಿಷಿನ ‘ಇಯರ್’ ಅದರ ದಾಯಾದಿ. ನಮ್ಮ ಪ್ರಾಚೀನ ಗ್ರಂಥ ವೇದಾಂಗ ಜ್ಯೋತಿಷ ದಿನವನ್ನು 30 ಮುಹೂರ್ತ, 60 ನಾಡಿಕೆಯಾಗಿ ಎಣಿಸುತ್ತದೆ. ಹೋರಾ ಸುದ್ದಿಯೇ ಇಲ್ಲ. ಅದು ಇಲ್ಲಿಗೆ ಬಂದದ್ದು ಗ್ರೀಕಿನ ‘ಲಿಪ್ತ’ (ಡಿಗ್ರಿಯ 60ನೇ ಒಂದು ಪಾಲು), ‘ಕೇಂದ್ರ’ಗಳ ಜೊತೆಗೆ. ಹೌದು, ಕೇಂದ್ರವೂ ಗ್ರೀಕೇ. ಜಿಲ್ಲಾ ಕೇಂದ್ರದಲ್ಲಿ ನಿಂತುಕೊಂಡು ಹೋರಾ ಯಾರದು ಅಂತ ಜಗಳ! ವರಾಹಮಿಹಿರನಿಗೇ ಈ ಸಂಕೋಚ ಇರಲಿಲ್ಲ. ಜ್ಯೋತಿಷ ಶಾಸ್ತ್ರ ಬಲ್ಲ ಯವನರೂ, ಅಂದರೆ ಗ್ರೀಕರೂ, ಋಷಿಗಳಂತೆ ಪೂಜ್ಯರು ಎಂದು ಬರೆದ.

ಬಳಕೆಗೆ ಬಂದರೆ, ಅವರ್ ಯಾವಾಗಲೂ 60 ನಿಮಿಷವೇ ಆಗಬೇಕಿಲ್ಲ. ಹಾಸನದ ಎನ್‌.ಆರ್‌. ವೃತ್ತದ ‘ಪೀಕ್ ಅವರ್’ ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಯಾರೂ ಕೇಳದ ಇನ್ನೊಂದಿದೆ: ನಾವೇಕೆ ‘ಗಂಟೆ’ ಅನ್ನುತ್ತೇವೆ? ಬಾರಿಸಿ ಹೊತ್ತು ತಿಳಿಸುತ್ತಿದ್ದರಲ್ಲ, ಅದಕ್ಕೆ. ಇಂಗ್ಲಿಷಿನ ‘ಕ್ಲಾಕ್’ ಕೂಡ ಮೂಲದಲ್ಲಿ ಗಂಟೆಯೇ, ಮಧ್ಯಕಾಲದ ಲ್ಯಾಟಿನ್ನಿನ ‘ಕ್ಲೊಕ್ಕ’. ಸಕಲೇಶಪುರದ ಕಡೆ ನಾನು ಮೇಷ್ಟ್ರಾಗಿದ್ದ ಸ್ಕೂಲಿನ ಜಗಲಿಯಲ್ಲಿ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ಹೊಡೆದೂ ಹೊಡೆದೂ ಅಂಗೈಯಗಲ ಬೆಳ್ಳಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ತುಕ್ಕು. ಆಷಾಢದ ಮಳೆಗೆ ಹೆಂಚು ಸದ್ದು ಮಾಡುವಾಗ ಗಂಟೆ ಕೇಳಿಸದೆ ನನ್ನ ಇಂಗ್ಲಿಷ್ ಪೀರಿಯಡ್ಡು ಮುಂದಿನ ಗಣಿತವನ್ನು ಅರ್ಧ ನುಂಗಿಬಿಡುತ್ತಿತ್ತು. ಗಣಿತದ ಮೇಷ್ಟ್ರು ಇವತ್ತಿಗೂ ಆ ಬಾಕಿ ಬಿಟ್ಟಿಲ್ಲ.